ಜಿಪ್ ಫೈಲಿನಲ್ಲಿ ಬಂದ ಹಳೆಯ ಹೆಸರುಗಳು

ಕಳೆದ ತಿಂಗಳು ಮೈಸೂರಿನಿಂದ ಕೊಪ್ಪಕ್ಕೆ ಹೋಗುವಾಗ, ಹುಣಸೂರು ದಾಟಿದ ಮೇಲೆ, ಬಸ್ಸಿನ ಕಿಟಕಿಯಿಂದ ಹೊಗೆಸೊಪ್ಪು ಬೇಯಿಸುವ ವಾಸನೆ ಬಂತು. ಸ್ವಲ್ಪ ಸಿಹಿ, ಸ್ವಲ್ಪ ಒಗರು. ಸೋನೆ ಹಿಡಿದ ದಿನಗಳಲ್ಲಿ ಅದು ಮೇಲಕ್ಕೆ ಹೋಗದೆ ರಸ್ತೆಯ ಮೇಲೆಯೇ ನಿಂತಿರುತ್ತದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದುಕೊಂಡರು. ನಾನು ಕಿಟಕಿ ಮುಚ್ಚಲಿಲ್ಲ. ಪಿರಿಯಾಪಟ್ಟಣದಲ್ಲಿ ನಾನು ಕಳೆದ ಒಂದೇ ಒಂದು ಶ್ರಾವಣ ಈ ವಾಸನೆಯಲ್ಲಿಯೇ ಮುಗಿದಿತ್ತು.

ಎಂ.ಎಸ್ಸಿ. ಮುಗಿಸಿ, ಮುಂದೆ ಏನು ಎಂದು ತೀರ್ಮಾನವಾಗದೆ, ಚಿಕ್ಕಮ್ಮನ ಮನೆಯಲ್ಲಿದ್ದ ವರ್ಷ ಅದು. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಚಂದ್ರಣ್ಣನವರ ಡಿಟಿಪಿ ಅಂಗಡಿ ಇತ್ತು. ಮುಂದಿನ ಕೋಣೆಯಲ್ಲಿ ಲಗ್ನಪತ್ರಿಕೆ, ಕರಪತ್ರ, ರಬ್ಬರ್ ಸ್ಟಾಂಪು. ಹಿಂದಿನ ಕೋಣೆಯಲ್ಲಿ ಮೂರು ಹಳೆಯ ಕಂಪ್ಯೂಟರ್ ಇಟ್ಟು ತರಗತಿ ನಡೆಸುತ್ತಿದ್ದರು. ನಾನು ಹಿಂದಿನ ಕೋಣೆಯಲ್ಲಿ ಪಾಠ ಹೇಳುತ್ತಿದ್ದೆ. ಎರಡೂ ಕೋಣೆಗಳ ನಡುವೆ ಪ್ಲೈವುಡ್ಡಿನ ಗೋಡೆ. ಅಲ್ಲಿಯ ಮಾತೆಲ್ಲ ಇಲ್ಲಿಗೆ ಕೇಳುತ್ತಿತ್ತು. ಕೇಳಿಸಿದ್ದಕ್ಕೆಲ್ಲ ಉತ್ತರ ಕೊಡುವ ಅಭ್ಯಾಸ ನನಗಿಲ್ಲದ್ದರಿಂದ ಗೋಡೆ ಅಷ್ಟು ತೆಳುವಾಗಿದ್ದುದು ಯಾರಿಗೂ ತೊಂದರೆಯಾಗಲಿಲ್ಲ.

ಮುಂದಿನ ಕೋಣೆಯ ಕಂಪ್ಯೂಟರಿನಲ್ಲಿ ಸೌಭಾಗ್ಯ ಕೂರುತ್ತಿದ್ದಳು. ರಾವಂದೂರಿನ ಹತ್ತಿರದ ಹಳ್ಳಿಯವಳು. ಪಿಯುಸಿ ಮುಗಿಸಿ ಕನ್ನಡ ಟೈಪಿಂಗ್ ಕಲಿತಿದ್ದಳು. ತಂದೆ ಇರಲಿಲ್ಲ. ಅಣ್ಣ ಮಹದೇವ ಅವಳನ್ನು ಕೆಲಸಕ್ಕೆ ಕಳಿಸಲು ಒಪ್ಪಿದ್ದು ಒಂದು ಷರತ್ತಿನ ಮೇಲೆ: ಅವಳ ಬಗ್ಗೆ ಊರಿನಲ್ಲಿ ಒಂದು ಮಾತು ಬಂದರೂ ಮಾರನೆಯ ದಿನದಿಂದ ಮನೆಯಲ್ಲಿರಬೇಕು. ಇದನ್ನು ಅವಳು ಬಸ್ಸಿನ ವೇಳೆ ಹೇಳುವಷ್ಟೇ ಸಾಧಾರಣವಾಗಿ ನನಗೆ ಹೇಳಿದ್ದಳು.

ಗಿರಾಕಿಗಳೊಡನೆ ಮಾತ್ರ ಅವಳ ಬಾಯಿ ಬೇರೆ.

"ಕಾರ್ಡು ಚೆನ್ನಾಗ್ ಬರ್ಬೇಕು ಕಣಮ್ಮ," ಎಂದು ಯಾರಾದರೂ ಅಂದರೆ, "ಕಾರ್ಡು ಚೆನ್ನಾಗೇ ಬತ್ತದೆ ಕಣಣ್ಣ. ಗಂಡು ಹೆಂಗವ್ನೆ ಅಂತ ನೀವ್ ನೋಡ್ಕಳಿ," ಎನ್ನುತ್ತಿದ್ದಳು. ಗೋಡೆಯ ಈಚೆ ನನ್ನ ವಿದ್ಯಾರ್ಥಿಗಳು ನಗುತ್ತಿದ್ದರು.

ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಜನ ಗಮನವಿಟ್ಟು ಓದುವುದು ಹೆಣ್ಣು ಗಂಡಿನ ಹೆಸರನ್ನಲ್ಲ; ಕೆಳಗೆ, ಸುಖಾಗಮನವನ್ನು ಬಯಸುವವರು ಎಂದು ಬರುವ ಮನೆಯವರ ಸಾಲುಗಳನ್ನು. ಯಾರು ಮೊದಲು, ಯಾರು ಆಮೇಲೆ, ಯಾರ ಹೆಸರು ಬಿಟ್ಟಿದೆ, ಯಾರ ಹೆಸರಿನ ಹಿಂದೆ ದಿವಂಗತ ಎಂದು ಸೇರಿದೆ. ಒಂದು ಮನೆಯ ಸಾಲುಗಳು ಮದುವೆಗೂ ಬೇಕು, ಗೃಹಪ್ರವೇಶಕ್ಕೂ ಬೇಕು, ತಿಥಿ ಕಾರ್ಡಿಗೂ ಬೇಕು. ಹಾಗಾಗಿ ಚಂದ್ರಣ್ಣ ಪ್ರತಿ ಮನೆತನಕ್ಕೂ ಹೆಸರುಗಳದ್ದೇ ಒಂದು ಫೈಲು ಮಾಡಿಸಿದ್ದರು. 'ಮನೆ ಫೈಲು' ಎನ್ನುತ್ತಿದ್ದರು. ಕಾರ್ಡಿನ ಪುಟ ತೆರೆದಾಗ ಅದು ಆ ಮನೆ ಫೈಲಿನಲ್ಲಿರುವುದನ್ನು ತಾನಾಗಿ ಎಳೆದುಕೊಳ್ಳುತ್ತಿತ್ತು. ಮನೆಯಲ್ಲಿ ಸಾವು, ಮದುವೆ, ಜಗಳ, ರಾಜಿ ಏನಾದರೂ ಅಲ್ಲಿ ಒಂದು ಕಡೆ ತಿದ್ದಿದರೆ ಸಾಕಾಗುತ್ತಿತ್ತು.

ಆ ಶ್ರಾವಣದಲ್ಲಿ ಸೌಭಾಗ್ಯಳ ಊರಿನ ರಾಮೇಗೌಡರು ತಮ್ಮ ಎರಡನೆಯ ಮಗಳ ಲಗ್ನಪತ್ರಿಕೆಗೆ ಬಂದರು. ಜೊತೆಯಲ್ಲಿ ಅಣ್ಣ ತಿಮ್ಮೇಗೌಡರೂ ಇದ್ದರು. ಜಮೀನು ಭಾಗವಾದಾಗ ಮುನಿಸಿಕೊಂಡಿದ್ದ ಅಣ್ಣತಮ್ಮಂದಿರು ಅವರು. ನಾಲ್ಕು ವರ್ಷದ ಹಿಂದೆ ಮೊದಲ ಮಗಳ ಮದುವೆಯ ಕಾರ್ಡಿನಲ್ಲಿ ಅಣ್ಣನ ಹೆಸರೇ ಇರಲಿಲ್ಲ. ಅಣ್ಣ ಮದುವೆಗೂ ಹೋಗಿರಲಿಲ್ಲ. ಈ ಸಲ ಊರಿನವರು ಕೂತು ಮಾತಾಡಿಸಿ ಒಂದು ಮಾಡಿದ್ದರು. ಅಣ್ಣನ ಹೆಸರು ಎಲ್ಲರಿಗಿಂತ ಮೊದಲು ಬರಬೇಕು ಎಂದು ಮಾತಾಗಿತ್ತು. ಸೌಭಾಗ್ಯ ಮನೆ ಫೈಲು ತೆರೆದು ತಿದ್ದಿದಳು. ತಿಮ್ಮೇಗೌಡರು ಕುರ್ಚಿ ಎಳೆದುಕೊಂಡು ಪರದೆಗೆ ಮುಖ ಹತ್ತಿರ ಮಾಡಿ ತಮ್ಮ ಹೆಸರನ್ನು ಓದಿದರು. ಪ್ರೂಫ್ ತೆಗೆಸಿ ರುಜು ಹಾಕಿದರು.

"ಇನ್ನೊಂದ್ ಸತಿ ನೋಡ್ಬೇಕೇನಮ್ಮ?"

"ರುಜು ಬಿದ್ಮೇಲೆ ಇನ್ನೇನ್ ನೋಡದು ದೊಡ್ಡಪ್ಪ. ಇನ್ನು ಊಟಕ್ಕೆ ಬರೋದೇ."

ಮಾರನೆಯ ಬೆಳಿಗ್ಗೆ ಕೆ.ಆರ್. ನಗರದಿಂದ ಒಂದು ಫ್ಲಾಪಿ ಬಂತು. ಹುಣಸೂರು, ಎಚ್.ಡಿ. ಕೋಟೆ, ಕೆ.ಆರ್. ನಗರದ ಡಿಟಿಪಿಯವರೆಲ್ಲ ಹೊಸ ಅಂಚು, ಗಣಪತಿ, ಬಾಳೆಕಂದಿನ ಚಿತ್ರಗಳನ್ನು ಹೀಗೆ ಹಂಚಿಕೊಳ್ಳುತ್ತಿದ್ದರು. ಫ್ಲಾಪಿಯಲ್ಲಿ ಜಾಗ ಕಡಿಮೆ. ಆದ್ದರಿಂದ ಎಲ್ಲವನ್ನೂ ಒಟ್ಟಿಗೆ ಕುಗ್ಗಿಸಿ ಒಂದೇ ಗಂಟಿನಂತೆ ಮಾಡಿ, ಅಂದರೆ ಜಿಪ್ ಮಾಡಿ, ಹಳೆಯ ಕಾರ್ಡಿನ ಕವರಿನಲ್ಲಿಟ್ಟು ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದರು. ಈ ಫ್ಲಾಪಿ ಕಳಿಸಿದ್ದು ಅಲ್ಲಿ ಅಂಗಡಿ ಇಟ್ಟಿದ್ದ ಚಂದ್ರಣ್ಣನವರ ಭಾಮೈದ. ನಮ್ಮವರಿಂದಲೇ ಬಂದದ್ದು, ಗುರುತಿನ ಬಸ್ಸಿನಲ್ಲಿ ಬಂದದ್ದು; ಅದರ ಬಗ್ಗೆ ಯಾರಾದರೂ ಯೋಚಿಸಬೇಕಾಗಿತ್ತು ಎಂದು ಹೇಳಿದ್ದರೆ ಆಗ ನಾನೂ ನಗುತ್ತಿದ್ದೆನೇನೋ. ಸೌಭಾಗ್ಯ ಅದನ್ನು 'ಹೊಸದು' ಎಂಬ ಫೋಲ್ಡರಿನಲ್ಲಿ ಬಿಚ್ಚಿದಳು. ಮಧ್ಯಾಹ್ನ ರಾಮೇಗೌಡರ ಕಾರ್ಡನ್ನು ಟ್ರೇಸಿಂಗ್ ಹಾಳೆಯ ಮೇಲೆ ತೆಗೆದು ಹುಣಸೂರಿನ ಪ್ರೆಸ್ಸಿಗೆ ಕಳಿಸಿದಳು.

ಅಚ್ಚಾಗಿ ಬಂದ ಕಾರ್ಡಿನಲ್ಲಿ ತಿಮ್ಮೇಗೌಡರ ಹೆಸರು ಇರಲಿಲ್ಲ.

ಅವರು ಅಂಗಡಿಗೆ ಬಂದಾಗ ನಾನು ಪಾಠದ ನಡುವೆ ಇದ್ದೆ. ಅವರು ಕೂಗಾಡಲಿಲ್ಲ. ಕಾರ್ಡಿನ ಕಟ್ಟನ್ನು ಮೇಜಿನ ಮೇಲೆ ಇಟ್ಟ ಸದ್ದು ಕೇಳಿತು.

"ನಾನೇ ಓದಿ ರುಜು ಹಾಕಿವ್ನಿ ಚಂದ್ರಣ್ಣ. ಹಾಕಿದ್ ಹೆಸ್ರು ಎದ್ದು ಎಲ್ಲಿಗೋಯ್ತು?"

ಚಂದ್ರಣ್ಣ ಕಂಪ್ಯೂಟರಿನಲ್ಲಿ ಮನೆ ಫೈಲನ್ನು ತೆಗೆದು ನೋಡಿದರು. ಅದರಲ್ಲಿ ಹಳೆಯ ಹೆಸರುಗಳೇ ಇದ್ದವು. ಫೈಲಿನ ತಾರೀಕೂ ನಾಲ್ಕು ವರ್ಷದ ಹಿಂದಿನದೇ. ಯಾರೋ ಹಳೆಯದನ್ನು ಎಲ್ಲಿಂದಲೋ ತಂದು ಹೊಸದರ ಮೇಲೆ ಇಟ್ಟಿದ್ದಾರೆ ಎಂದೇ ಅದು ಹೇಳುವಂತಿತ್ತು. ಆ ಕಂಪ್ಯೂಟರನ್ನು ಮುಟ್ಟುತ್ತಿದ್ದವಳು ಸೌಭಾಗ್ಯ ಒಬ್ಬಳೇ.

"ನಿಮ್ಮಣ್ಣ ನನ್ ತಮ್ಮನ ಜಮೀನು ಪಾಲಿಗೆ ಮಾಡ್ತಾವ್ನೆ," ಎಂದರು ತಿಮ್ಮೇಗೌಡರು. "ಯಾರ್ ಹೇಳ್ಕೊಟ್ರವ್ವ ನಿಂಗೆ? ತಮ್ಮನಾ, ನಿಮ್ಮಣ್ಣನಾ?"

"ಯಾರೂ ಹೇಳಿಲ್ಲ ದೊಡ್ಡಪ್ಪ. ನಾನ್ ಮುಟ್ಟೇ ಇಲ್ಲ."

"ನೀನ್ ಮುಟ್ದೆ ಅದೇ ಮುಟ್ಕತ್ತಾ?"

ಇದೇ ಮಾತನ್ನು ತಿಮ್ಮೇಗೌಡರು ಸಂಜೆ ಊರಿನ ಅರಳಿಕಟ್ಟೆಯಲ್ಲಿ, ಹತ್ತು ಜನರ ಮುಂದೆ, ಮತ್ತೆ ಆಡಿದರಂತೆ. ಮಾರನೆಯ ದಿನ ಅವಳು ಬರಲಿಲ್ಲ. ಚಂದ್ರಣ್ಣ ಅವಳ ಕುರ್ಚಿಯಲ್ಲಿ ತಾವೇ ಕೂತು ಎರಡು ಬೆರಳಿನಲ್ಲಿ ಟೈಪ್ ಮಾಡತೊಡಗಿದರು. ಒತ್ತಕ್ಷರ ಹುಡುಕುವಾಗ ನಿಟ್ಟುಸಿರು ಬಿಡುತ್ತಿದ್ದರು.

ನಾನು ಅವಳ ಪರವಾಗಿ ಏನೂ ಹೇಳಿರಲಿಲ್ಲ. ಹೇಳಲು ನನಗೂ ಏನೂ ಗೊತ್ತಿರಲಿಲ್ಲ. ಆದರೆ ಆ ತಾರೀಕು ಮನಸ್ಸಿನಲ್ಲಿ ಉಳಿಯಿತು. ಊಟದ ಹೊತ್ತಿನಲ್ಲಿ ಅಂಗಡಿ ಖಾಲಿಯಿದ್ದಾಗ ಮುಂದಿನ ಕಂಪ್ಯೂಟರಿಗೆ ಹೋಗಿ ಮನೆ ಫೈಲುಗಳ ಫೋಲ್ಡರಿನಲ್ಲಿದ್ದ ಉಳಿದ ಮನೆಗಳನ್ನೂ ನೋಡಿದೆ. ಬಹಳಷ್ಟು ಫೈಲುಗಳಿಗೆ ಅದೇ ಹಳೆಯ ತಾರೀಕು. ಒಂದು ಮನೆಯಲ್ಲಿ ಹೋದ ವರ್ಷ ತೀರಿಕೊಂಡ ಅಜ್ಜ ಮತ್ತೆ ಬದುಕಿದ್ದರು. ಇನ್ನೊಂದರಲ್ಲಿ ಇಬ್ಬರು ಸೊಸೆಯರು ಇನ್ನೂ ಬಂದೇ ಇರಲಿಲ್ಲ. ಒಬ್ಬರ ಮೇಲಿನ ಹಗೆಗೆ ಯಾರೂ ಸುತ್ತಲಿನ ಊರುಗಳ ಮನೆಗಳನ್ನೆಲ್ಲ ನಾಲ್ಕು ವರ್ಷ ಹಿಂದಕ್ಕೆ ಕಳಿಸುವುದಿಲ್ಲ.

ನಾಲ್ಕು ವರ್ಷದ ಹಿಂದೆ ಏನಾಗಿತ್ತು ಎಂದು ಚಂದ್ರಣ್ಣನವರನ್ನು ಕೇಳಿದೆ. ಭಾಮೈದ ಅಂಗಡಿ ಇಟ್ಟ ವರ್ಷ ಅದು ಎಂದರು. ಹೊಸ ಅಂಗಡಿಗೆ ಇರಲಿ ಎಂದು ಇಲ್ಲಿನ ಫೈಲುಗಳನ್ನೆಲ್ಲ ನಕಲು ಮಾಡಿ ಕೊಟ್ಟಿದ್ದರು, ಮನೆ ಫೈಲುಗಳೂ ಸೇರಿ. ಮೇಜಿನ ಡ್ರಾಯರಿನಲ್ಲಿದ್ದ ಫ್ಲಾಪಿಯನ್ನು ಹಿಂದಿನ ಕೋಣೆಗೆ ತಂದು, ಜಿಪ್ ಬಿಚ್ಚದೆ, ಒಳಗೆ ಏನೇನಿದೆ ಎಂಬುದನ್ನಷ್ಟೇ ನೋಡಿದೆ. ಚಿತ್ರಗಳ ಜೊತೆಗೆ ಆ ಮನೆ ಫೈಲುಗಳೂ ಇದ್ದವು. ಭಾಮೈದ ಚಿತ್ರಗಳಷ್ಟನ್ನೇ ಆರಿಸುವ ಗೋಜಿಗೆ ಹೋಗದೆ ಇಡೀ ಫೋಲ್ಡರನ್ನು ಕಟ್ಟಿದ್ದ. ಪ್ರತಿ ಫೈಲಿನ ಹೆಸರಿನ ಮುಂದೆ ಅದು ಯಾವ ಡ್ರೈವಿನ ಯಾವ ಫೋಲ್ಡರಿನಿಂದ ಹೊರಟಿತು ಎಂಬ ಪೂರ್ತಿ ವಿಳಾಸವೂ ಇತ್ತು. ನಕಲು ಇಲ್ಲಿಂದಲೇ ಹೋದದ್ದರಿಂದ ಎರಡೂ ಅಂಗಡಿಗಳಲ್ಲಿ ಆ ವಿಳಾಸ ಒಂದೇ.

ಇಂಥದ್ದನ್ನು ನಾನು ಓದಿದ್ದೆ. ವಿಶ್ವವಿದ್ಯಾನಿಲಯದ ಲ್ಯಾಬಿನಲ್ಲಿ ಕುಗ್ಗಿಸುವ ತಂತ್ರಾಂಶಗಳ ಭದ್ರತಾ ದೋಷಗಳ ಬಗ್ಗೆ ಬರುತ್ತಿದ್ದ ಪ್ರಕಟಣೆಗಳನ್ನು ಸೆಮಿನಾರಿಗಾಗಿ ಓದಿಸಿದ್ದರು. ಗಂಟನ್ನು ಎಲ್ಲಿ ಬಿಚ್ಚಬೇಕು ಎಂಬುದನ್ನು ಬಿಚ್ಚುವವರು ಹೇಳಬೇಕು. ದೋಷವಿರುವ ತಂತ್ರಾಂಶದಲ್ಲಿ ಕಟ್ಟಿದವರು ಹೇಳಿದ್ದೇ ನಡೆಯುತ್ತದೆ. ಬಿಚ್ಚುವವರು ತೋರಿಸಿದ ಫೋಲ್ಡರನ್ನು ಬಿಟ್ಟು, ಗಂಟಿನೊಳಗೆ ಬರೆದಿರುವ ವಿಳಾಸಕ್ಕೇ ಫೈಲು ಹೋಗಿ ಕೂರುತ್ತದೆ. ಸೆಮಿನಾರಿನಲ್ಲಿ ನಾವು ದೂರದ ಬ್ಯಾಂಕುಗಳ, ಕದ್ದ ಪಾಸ್‌ವರ್ಡುಗಳ ಉದಾಹರಣೆ ಕೊಟ್ಟಿದ್ದೆವು. ಅಂಗಡಿಯಲ್ಲಿದ್ದ ತಂತ್ರಾಂಶ ಯಾರೋ ಎಂದೋ ಹಾಕಿಕೊಟ್ಟ ಹಳೆಯ ಆವೃತ್ತಿ.

ಆ ತಂತ್ರಾಂಶ ಕೇಳದೆ ಏನನ್ನೂ ಅಳಿಸುತ್ತಿರಲಿಲ್ಲ. ಈ ಹೆಸರಿನ ಫೈಲು ಆಗಲೇ ಇದೆ, ಅದರ ಮೇಲೆ ಬರೆಯಲೇ ಎಂದು ಕೇಳುತ್ತಿತ್ತು. ಆದರೆ ಕನ್ನಡ ಫಾಂಟುಗಳ ಕಟ್ಟು ಬಿಚ್ಚುವಾಗಲೆಲ್ಲ ಅದು ಇದನ್ನೇ ಪ್ರತಿ ಫಾಂಟಿನ ಫೈಲಿಗೂ ಕೇಳಿ ಪ್ರಾಣ ತಿನ್ನುತ್ತಿತ್ತು. ಹಾಗಾಗಿ ಎಲ್ಲ ಡಿಟಿಪಿ ಅಂಗಡಿಗಳಲ್ಲೂ ಒಂದು ರೂಢಿ ಬೆಳೆದಿತ್ತು: ಏನು ಕೇಳಿದರೂ 'ಎಸ್ ಟು ಆಲ್' ಒತ್ತುವುದು. ಕೆಲಸಕ್ಕೆ ಸೇರಿದವರಿಗೆ ಕಂಪ್ಯೂಟರ್ ಆನ್ ಮಾಡುವುದನ್ನು ಕಲಿಸಿದ ಮೇಲೆ ಕಲಿಸುತ್ತಿದ್ದುದು ಅದನ್ನೇ.

ನಾನು ಚಂದ್ರಣ್ಣನವರಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿ, "ಅಲ್ಲ ಮೇಡಂ, ಕಂಪ್ಯೂಟರ್ ತಾನಾಗ್ ತಾನೇ ಹೆಸ್ರು ತಗೀತದಾ? ಅದಕ್ಕೂ ತಿಮ್ಮೇಗೌಡ್ರಿಗೂ ಏನ್ ಹಗೆ?" ಎಂದರು.

"ಹಗೆಯಿಂದ ತೆಗೆದದ್ದಲ್ಲ. ಹಳೆಯ ಫೈಲು ಅದರ ಮೇಲೆ ಬಂದು ಕೂತಿದೆ."

"ಆ ಹುಡ್ಗಿ ಒಳ್ಳೇದೇ ಕಣ್ರೀ, ನಾನ್ ಇಲ್ಲ ಅನ್ನಕಿಲ್ಲ. ಆದ್ರೆ ಈ ಮಾತ್ನ ತಿಮ್ಮೇಗೌಡ್ರ ಮುಂದೆ ಹೇಳಿದ್ರೆ ನನ್ನೂ ಸೇರಿಸ್ಕಂಡ್ ಬೈತಾರೆ."

ಅವರು ಹೇಳಿದ್ದು ನಿಜವಿತ್ತು. ನನ್ನ ವಿವರಣೆ ಸರಿಯಾಗಿತ್ತು, ಆದರೆ ಅದರಿಂದ ಅರಳಿಕಟ್ಟೆಯಲ್ಲಿ ಆಡಿದ ಮಾತು ಅಳಿಯುತ್ತಿರಲಿಲ್ಲ. ಅಲ್ಲಿಯವರು ಕಣ್ಣಲ್ಲಿ ಕಂಡದ್ದನ್ನು ಮಾತ್ರ ಒಪ್ಪುತ್ತಿದ್ದರು.

ತಿಮ್ಮೇಗೌಡರು ಕಾರ್ಡಿಗೆ ಏನು ಮಾಡುತ್ತೀರಿ ಎಂದು ಕೇಳಲು ಮತ್ತೆ ಬಂದಾಗ, ಪಾಠ ನಿಲ್ಲಿಸಿ ಮುಂದಿನ ಕೋಣೆಗೆ ಹೋದೆ. ಗಿರಾಕಿಗಳಿದ್ದಾಗ ನಾನು ಆ ಕೋಣೆಯಲ್ಲಿ ನಿಂತದ್ದು ಅದೇ ಮೊದಲು. ಅವರು ನನ್ನನ್ನು ನೋಡಿ, "ಇವ್ರ್ಯಾರು?" ಎಂದು ಚಂದ್ರಣ್ಣನವರನ್ನು ಕೇಳಿದರು.

"ಹಿಂದ್ಗಡೆ ಪಾಠ ಹೇಳೋ ಮೇಡಂ."

"ನಿಮ್ಮ ಹೆಸರು ಹೇಗೆ ಹೋಯಿತು ಎಂದು ತೋರಿಸುತ್ತೇನೆ," ಎಂದೆ. "ನಿಮ್ಮ ಹೆಸರು ಇರಬೇಕಾದ ಜಾಗಕ್ಕೆ ಬೇರೆ ಒಂದು ಹೆಸರು ಹೇಳಿ. ಯಾವುದಾದರೂ ಸರಿ."

ಅವರಿಗೆ ಅದು ಕುಚೋದ್ಯವೋ ನಿಜವೋ ತಿಳಿಯಲಿಲ್ಲ. "ನಮ್ ಎತ್ತಿನ ಹೆಸ್ರು ಹಾಕಿ, ಬೂದ," ಎಂದರು.

ಮೊದಲು ಅವರ ಕಣ್ಣೆದುರಿಗೇ ಚಂದ್ರಣ್ಣನವರಿಂದ ಮನೆ ಫೈಲಿನಲ್ಲಿ ತಿಮ್ಮೇಗೌಡರ ಹೆಸರನ್ನು ಸರಿಯಾಗಿ ಹಾಕಿಸಿದೆ. ತಿಮ್ಮೇಗೌಡರು ಓದಿದರು. ಆಮೇಲೆ ಅವರನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ, ಅವರು ಪಕ್ಕದಲ್ಲಿ ನಿಂತಿರುವಾಗಲೇ, ಅದೇ ಹೆಸರಿನ ಇನ್ನೊಂದು ಫೈಲು ಮಾಡಿ, ಅದರಲ್ಲಿ ಬೂದನನ್ನು ಹಾಕಿ, ನಾಲ್ಕು ಬಾಳೆಕಂದಿನ ಚಿತ್ರಗಳ ಜೊತೆ ಜಿಪ್ ಮಾಡಿದೆ. ಫೈಲಿನ ಹೆಸರಿನ ಜೊತೆ ಮುಂದಿನ ಕೋಣೆಯ ಕಂಪ್ಯೂಟರಿನ ಮನೆ ಫೈಲುಗಳ ಫೋಲ್ಡರಿನ ವಿಳಾಸ ಇರುವಂತೆ ನೋಡಿಕೊಂಡೆ. ಫ್ಲಾಪಿಯನ್ನು ಚಂದ್ರಣ್ಣನವರ ಕೈಗೆ ಕೊಟ್ಟು, "ಹೊಸ ಚಿತ್ರ ಬಂದಾಗ ಹೇಗೆ ಬಿಚ್ಚುತ್ತೀರೋ ಹಾಗೆ ಬಿಚ್ಚಿ. ನಾನು ಮುಟ್ಟುವುದಿಲ್ಲ," ಎಂದೆ.

ಅವರು 'ಹೊಸದು' ಫೋಲ್ಡರನ್ನೇ ಆರಿಸಿದರು. ಪರದೆಯ ಮೇಲೆ ಪ್ರಶ್ನೆ ಬಂತು. ಅದನ್ನು ಓದುವ ಮೊದಲೇ ಅವರ ಬೆರಳು 'ಎಸ್ ಟು ಆಲ್' ಒತ್ತಿ ಆಗಿತ್ತು.

"ಈಗ ಗೌಡರ ಕಾರ್ಡು ತೆಗೆಯಿರಿ."

ಕಾರ್ಡು ತೆರೆದುಕೊಂಡಿತು. ತಮ್ಮ ಸುಖಾಗಮನವನ್ನು ಬಯಸುವವರಲ್ಲಿ ಮೊದಲನೆಯವರು ಶ್ರೀ ಬೂದ.

ತಿಮ್ಮೇಗೌಡರು ಬಗ್ಗಿ ಅದನ್ನು ನಿಧಾನವಾಗಿ ಓದಿದರು. "ಬುಡಿ, ನಮ್ಮನೇಲಿ ನನ್ಗಿಂತ ಜಾಸ್ತಿ ಗೆಯ್ದಿರೋನು ಅವ್ನೇ," ಎಂದರು. ಮುಖದಲ್ಲಿ ನಗು ಮಾತ್ರ ಇರಲಿಲ್ಲ. ಬಳಿಕ ಚಂದ್ರಣ್ಣನವರ ಕಡೆ ತಿರುಗಿದರು.

"ಅಂಗಾರೆ ಇದ್ನ ಈಗ ಮಾಡ್ದೋನು ನೀನೇ."

"ನಂಗೊತ್ತಿಲ್ದಂಗೆ ಆಯ್ತು ಕಣಣ್ಣ."

"ಆ ಹುಡ್ಗೀಗೂ ಗೊತ್ತಿಲ್ದಂಗೇ ಆಗದೆ." ಕೀಬೋರ್ಡಿನ ಕಡೆ ಕೈ ತೋರಿಸಿ ಕೇಳಿದರು: "ಏನ್ ಕೇಳುದ್ರೂ ಅದ್ನ ಒತ್ತು ಅಂತ ಅವಳ್ಗೆ ಹೇಳ್ಕೊಟ್ಟೋರ್ಯಾರು?"

ಚಂದ್ರಣ್ಣ ಕೀಬೋರ್ಡಿನ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು. "ನಾನೇ," ಎಂದರು.

ಆ ದಿನವೇ ಅವರು ಸುತ್ತಲಿನ ತಾಲ್ಲೂಕುಗಳ ಅಂಗಡಿಗಳಿಗೆ ಫೋನು ಮಾಡಿದರು. ಅವರನ್ನು ಹೆದರಿಸಿದ್ದು ಹೆಸರುಗಳ ವಿಷಯ ಅಲ್ಲ, ನಾನು ಕೊನೆಯಲ್ಲಿ ಹೇಳಿದ್ದು: ಇಲ್ಲಿ ಬಂದದ್ದು ಹಳೆಯ ಹೆಸರು, ಬೇಕೆಂದೇ ಮಾಡುವವನು ಒಂದು ಪ್ರೋಗ್ರಾಮನ್ನೇ ಕಳಿಸಿ, ಕಂಪ್ಯೂಟರ್ ಶುರುವಾದಾಗಲೆಲ್ಲ ತಾನಾಗಿ ಓಡುವ ಜಾಗದಲ್ಲಿ ಅದನ್ನು ಕೂರಿಸಬಹುದು, ನಮಗೆ ಕಾಣುವುದು ಬಾಳೆಕಂದು ಮಾತ್ರ. ದೋಷ ತಿದ್ದಿದ ಆವೃತ್ತಿಯನ್ನು ನಾನು ಮೈಸೂರಿನಿಂದ ಸಿ.ಡಿ.ಯಲ್ಲಿ ತಂದುಕೊಟ್ಟೆ. ಕೆಲವರು ಹಾಕಿಕೊಂಡರು. ಕೋಟೆಯವರೊಬ್ಬರು, ನಮ್ಮದು ಚೆನ್ನಾಗೇ ಓಡುತ್ತಿದೆ, ಕೆದಕುವುದು ಬೇಡ ಎಂದರಂತೆ.

ಅಂದು ತಿಮ್ಮೇಗೌಡರು ಅಂಗಡಿಯಿಂದ ಹೊರಡುವ ಮೊದಲು ನನ್ನನ್ನು ಕರೆದರು. "ನಮ್ ಅಳ್ಳಿಗೆ ಬರ್ಬೇಕು ನೀವು. ಆ ಹುಡ್ಗಿ ಅಣ್ಣಂಗೆ ಹೇಳೋದದೆ. ನಂಗಿದು ಹೇಳಕ್ ಬರಕಿಲ್ಲ."

ಬೇಡ ಎನ್ನಲು ಕಾರಣ ಹುಡುಕಿದೆ, ಯಾವುದೂ ಹೇಳುವಂಥದ್ದಾಗಿರಲಿಲ್ಲ. ಭಾನುವಾರ ಬೆಳಿಗ್ಗೆ ಬಸ್ಸಿಳಿದಾಗ ಅವರು ಕಾರ್ಡಿನ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ಕಾಯುತ್ತಿದ್ದರು. ಹಿಂದಿನ ದಿನದ ಸೋನೆ ನಿಂತಿತ್ತು. ಊರಿನ ಸುತ್ತ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನುಗಳಿಂದ ಹೊಗೆ ನೇರವಾಗಿ ಏಳುತ್ತಿತ್ತು. ಅವರು ಅರಳಿಕಟ್ಟೆಯ ಮುಂದಿನಿಂದಲೇ ನಡೆದರು. ಬೇರೆ ದಾರಿ ಇತ್ತೋ ಇಲ್ಲವೋ ನನಗೆ ತಿಳಿಯದು. ಅಲ್ಲಿ ಕೂತಿದ್ದವರಲ್ಲಿ ಇಬ್ಬರು ಎದ್ದು ನಮ್ಮ ಹಿಂದೆ ಬಂದರು.

ಸೌಭಾಗ್ಯ ಮತ್ತು ಅವಳ ತಾಯಿ ಜಗಲಿಯ ಮೇಲೆ ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಪೋಣಿಸಿ ಕಟ್ಟುತ್ತಿದ್ದರು. ನನ್ನನ್ನು ನೋಡಿ, "ಅಕ್ಕ," ಎಂದಷ್ಟೇ ಅಂದಳು. ಮಹದೇವ ಬಾಗಿಲಿಗೆ ಬಂದು ನಿಂತ. ಕೂರಿ ಎನ್ನಲಿಲ್ಲ.

ನಾನು ಹೇಳಬೇಕಾದದ್ದನ್ನು ಬಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಹೇಳುವ ಅವಕಾಶ ಬರಲಿಲ್ಲ. ತಿಮ್ಮೇಗೌಡರೇ ಶುರು ಮಾಡಿದರು.

"ಕಂಪೂಟರ್ಗೆ ಒಂದ್ ಕಾಯ್ಲೆ ಬಂದದೆ ಕಣ್ಲಾ ಮಾದೇವ. ಬೇರೆ ಊರಿಂದ ಬಂದ ಗಂಟ್ನ ಬಿಚ್ಚುದ್ರೆ ಒಳಗಿರೋರು ಹೇಳಿದ್ ಕಡೆ ಕೂರಕಿಲ್ವಂತೆ, ತಮ್ಗೆ ಬೇಕಾದ್ ಕೋಣೆಗೆ ಹೋಗಿ ಕೂತ್ಕತಾರಂತೆ. ಅಲ್ಲಿದ್ದ ನನ್ನ ಎಬ್ಬುಸ್ಬುಟ್ರು. ನಿನ್ ತಂಗೀದು ಏನೂ ಇಲ್ಲ. ಚಂದ್ರಣ್ಣನೂ ನನ್ ಕಣ್ ಮುಂದೆ ಅಂಗೇ ಮಾಡ್ದ."

ಕಾಯಿಲೆ ಎನ್ನುವುದು ಸರಿಯಲ್ಲ. ಅದು ಮೊದಲಿನಿಂದಲೂ ಇದ್ದ ದೋಷ. ನಾನು ತಿದ್ದಲಿಲ್ಲ.

"ಇದ್ನ ನನ್ ಬಾಗ್ಲಲ್ ಹೇಳ್ತಾ ಇದ್ದೀರಿ," ಎಂದ ಮಹದೇವ. "ಅವತ್ತು ಅಂದಿದ್ದು ಕಟ್ಟೆ ಮೇಲೆ."

"ಊ ಕಣ್ಲಾ. ಅದಕ್ಕೇ ಈ ಕಾರ್ಡ್ನ ತಂದಿವ್ನಿ." ತಿಮ್ಮೇಗೌಡರು ಕಟ್ಟನ್ನು ಜಗಲಿಯ ಮೇಲೆ ಇಟ್ಟರು. ಅವೇ ಕಾರ್ಡುಗಳು, ಅವರ ಹೆಸರಿಲ್ಲದವು. "ಚಂದ್ರಣ್ಣ ಬ್ಯಾರೆ ಅಚ್ಚಾಕಿಸ್ಕೊಡ್ತೀನಿ ಅಂದ. ಬ್ಯಾಡ ಅಂದೆ. ಇದ್ರಲ್ಲಿ ನನ್ ಹೆಸ್ರ ನೀನು ಪೆನ್ನಲ್ಲಿ ಬರೀಬೇಕು ಕಣವ್ವ. ಎಲ್ಲರ್ಗಿಂತ ಮೇಲ್ಗಡೆ."

ಸೌಭಾಗ್ಯ ಕಟ್ಟನ್ನು ನೋಡಿದಳು. "ಎಲ್ಲಾ ಕಾರ್ಡಲ್ಲೂವಾ ದೊಡ್ಡಪ್ಪ? ಎದ್ ಕಾಣ್ತದೆ. ಚೆನ್ನಾಗಿರಕಿಲ್ಲ."

"ಎದ್ ಕಾಣ್ಲಿ ಅಂತಲೇ. ನಾನೂ ನನ್ ತಮ್ಮನೂ ಮನೆ ಮನೆಗೂ ಹೋಗಿ ಇದ್ನ ಕೊಡ್ತೀವಿ. ಇದ್ಯಾಕ್ ಗೌಡ್ರೆ, ನಿಮ್ ಹೆಸ್ರು ಕೈಲಿ ಬರ್ದದೆ ಅಂತ ಎಲ್ಲಾರೂ ಕೇಳ್ತಾರೆ. ಕೇಳ್ದೋರ್ಗೆಲ್ಲ ನಾನ್ ಹೇಳ್ಬೇಕಾಯ್ತದೆ, ಇಂಗಿಂಗಾಯ್ತು, ಆ ಹುಡ್ಗೀದು ತಪ್ಪಿಲ್ಲ, ನಾನ್ ತಪ್ಪಾಗಿ ಅಂದೆ ಅಂತ. ಅಚ್ಚಾಕ್ಸುದ್ರೆ ಯಾರ್ ಕೇಳ್ತಾರೆ?"

ಹಿಂದೆ ಬಂದಿದ್ದ ಇಬ್ಬರು ಬೇಲಿಯ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದರು.

ಸೌಭಾಗ್ಯ ಅಣ್ಣನ ಮುಖ ನೋಡಲಿಲ್ಲ. ಎದ್ದು ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದಳು. ಹಸಿ ಸೊಪ್ಪಿನ ಅಂಟು ಬೇಗ ಬಿಡುವುದಿಲ್ಲ. ಒರೆಸಿಕೊಂಡು ಬಂದು, ನನ್ನಿಂದ ಪೆನ್ನು ತೆಗೆದುಕೊಂಡು, ಒಂದು ಹಲಗೆಯನ್ನು ತೊಡೆಯ ಮೇಲಿಟ್ಟು ಕೂತಳು. ಅವಳ ಕೈಬರಹವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅಚ್ಚಿನ ಅಕ್ಷರಗಳ ಅಳತೆಗೇ ಬರೆಯಲು ಪ್ರಯತ್ನಿಸುತ್ತಿದ್ದಳು.

"ಶ್ರೀ ಹಾಕ್ಲಾ, ಶ್ರೀಮಾನ್ ಹಾಕ್ಲಾ?"

"ಸುಮ್ಕೆ ತಿಮ್ಮೇಗೌಡ ಅಂತ ಬರಿ."

"ಶ್ರೀ ಇಲ್ದಿದ್ರೆ ಬೂದಂಗಿಂತ ಕಡಿಮೆ ಆಗ್ಬುಡ್ತೀರಿ," ಎಂದಳು. ಬೂದನ ವಿಷಯ ಅವಳಿಗೆ ಯಾರು ಮುಟ್ಟಿಸಿದ್ದರೋ. ತಿಮ್ಮೇಗೌಡರು ಬೇಲಿಯ ಕಡೆ ಮುಖ ತಿರುಗಿಸಿದರು. ಅವಳು ಶ್ರೀ ಸೇರಿಸಿದಳು.

ತೇವದ ಹವೆಗೆ ಶಾಯಿ ಬೇಗ ಒಣಗುತ್ತಿರಲಿಲ್ಲ. ಅವಳು ಬರೆದ ಕಾರ್ಡನ್ನು ಇನ್ನೊಂದರ ಮೇಲೆ ಇಡಲು ಹೋದಾಗ ಮಹದೇವ ಕೈ ಚಾಚಿ ತೆಗೆದುಕೊಂಡು, ಒಮ್ಮೆ ಓದಿ, ಜಗಲಿಯ ಮೇಲೆ ಬಿಡಿಯಾಗಿ ಇಟ್ಟ. ಮುಂದಿನದನ್ನೂ ಹಾಗೆಯೇ ಇಟ್ಟ. ಹೀಗೆ ಇಡುತ್ತಾ ಹೋಗಿ ಜಗಲಿಯಲ್ಲಿ ಜಾಗ ಸಾಲದೆ ಬಂದಾಗ, ಅವಳು ಕಟ್ಟುತ್ತಿದ್ದ ಸೊಪ್ಪಿನ ಕಡ್ಡಿಗಳನ್ನು ಎತ್ತಿ ಕೆಳಗಿಟ್ಟ.